ಕೃಷ್ಣಗಿರಿಯ ಅಕ್ಷಯನೀವಿ

ಮುಂಬಯಿಯ ಕನ್ನಡಿಗರಲ್ಲಿ ಬೋರಿವಲಿಯ ಕಾಡನ್ನು ಕಾಣದವರು ವಿರಳ. ಆದರೆ ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನವೆಂಬ ಹೆಸರಿನ, ಸುಮಾರು 104 ಚದರ ಕಿಲೋಮೀಟರು ವಿಸ್ತಾರದ ಈ ಗಿರಿವನಕ್ಕೂ ನಮ್ಮ ಇತಿಹಾಸಕ್ಕೂ ಇರುವ ನಂಟನ್ನು ಬಲ್ಲವರು ಅಷ್ಟು ಮಂದಿ ಇಲ್ಲ. ಇದರ ನಡುವಿನ ಕಾನ್ಹೇರಿಯ ಪ್ರಾಚೀನ ನಾಮ ಕೃಷ್ಣಗಿರಿ. ಕರಿಯ ಅಗ್ನಿಶಿಲೆಯ ಬೆಟ್ಟಕ್ಕೆ ಅದು ಅನ್ವರ್ಥವೇ ಸರಿ.

ಸುಮಾರು ಸಾವಿರ ವರ್ಷಗಳ ಕಾಲ ಬೌದ್ಧ ಭಿಕ್ಷುಗಳು ಇಲ್ಲಿ ನೆಲಸಿದ್ದರು. ನೂರಕ್ಕೆ ಮಿಕ್ಕ ಗುಹೆಗಳನ್ನು ಕೊರೆಸಿದವರು ನೀರಿನ ಚಿಂತೆಯನ್ನೂ ಮರೆಯಲಿಲ್ಲ. ಅನೇಕ ಗುಹೆಗಳ ಮುಂದೆ ಬಂಡೆಯಲ್ಲಿಯೇ ಕಡೆದ ತೊಟ್ಟಿಯುಂಟು; ಮಳೆನೀರನ್ನು ಅದಕ್ಕೆ ಹಾಯಿಸುವ ಕಾಲುವೆಯುಂಟು. ಪ್ರಾಕೃತ ಶಾಸನಗಳು ಇಂತಹ ತೊಟ್ಟಿಯನ್ನು ‘ಪೋಢಿ’ ಎಂದು ಕರೆದು, ಗುಹೆಯ ದಾನದೊಡನೆ ಅದರ ದಾನವನ್ನೂ ಹೇಳುತ್ತವೆ. ನಾಲ್ಕು ತಿಂಗಳು ಸುರಿದ ಮಳೆಯೇ ಉಳಿದ ಎಂಟು ತಿಂಗಳ ಬಾಳಿಗೆ ಆಧಾರವಾಗಿತ್ತು.

ಕ್ರಿ.ಶ. 9ನೆಯ ಶತಮಾನದ ಮೂರು ಶಾಸನಗಳಲ್ಲಿ ರಾಷ್ಟ್ರಕೂಟ ಅಮೋಘವರ್ಷನ ಹೆಸರಿದೆ. ‘ಕವಿರಾಜಮಾರ್ಗ’ವು ಹುಟ್ಟಿದ್ದು ಈ ನೃಪತುಂಗನ ಆಸ್ಥಾನದಲ್ಲಿಯೇ. ಕೊಂಕಣವನ್ನು ಅವನ ಸಾಮಂತರಾದ ಶಿಲಾಹಾರರು ಆಳುತ್ತಿದ್ದರು. ಶಕ 775ರ ಶಾಸನದಂತೆ ಗೌಡದೇಶದ ಅವಿಘ್ನಾಕರನು ಭಿಕ್ಷುಗಳಿಗೆ ಧ್ಯಾನಯೋಗ್ಯವಾದ ನೆಲೆಯನ್ನು ಮಾಡಿಸಿ, ಶಾಶ್ವತ ದತ್ತಿಯಾಗಿ ನೂರು ದ್ರಮ್ಮಗಳನ್ನಿತ್ತನು. ಇಂತಹ ದತ್ತಿಗೆ ಪ್ರಾಚೀನರು ‘ಅಕ್ಷಯನೀವಿ’ ಎನ್ನುತ್ತಿದ್ದರು. ಎಂದರೆ ಮೂಲಧನವನ್ನು ಕರಗಿಸದೆ ಅದರ ವೃದ್ಧಿಯಿಂದಲೇ ಕಾರ್ಯ ನಡೆಸತಕ್ಕ ನಿಧಿ. ಬ್ಯಾಂಕಿನ ಲೆಕ್ಕದಲ್ಲಿ ಆಯುಷ್ಯ ಕಳೆಯುತ್ತಿರುವ ನನ್ನಂಥವನಿಗೆ ಈ ಪದದಷ್ಟು ಅರ್ಥವತ್ತಾದುದು ಬೇರೊಂದು ತೋರದು.

ವಿಹಾರವು ಬರಿದಾದ ಮೇಲೂ ಬೆಟ್ಟವು ನೀರಿಗಾಗಿಯೇ ಉಳಿಯಿತು. ಮುಂಬಯಿಯ ದಾಹಕ್ಕಾಗಿ 1860ರಲ್ಲಿ ವಿಹಾರ ಸರೋವರವೂ 1879ರಲ್ಲಿ ತುಳಸಿ ಸರೋವರವೂ ಸಿದ್ಧವಾದುವು. ಅವುಗಳ ಜಲಾನಯನವನ್ನು ಕಾಯುವ ಅಗತ್ಯವು ಕಾಡನ್ನೂ ಕಾಯಿತು. ಮಹಾನಗರದ ಮಗ್ಗುಲಲ್ಲಿ ಇಂದಿಗೂ ಚಿರತೆ ಸುಳಿಯುವುದಕ್ಕೆ, ಹಲವು ವರ್ಷಗಳಿಗೊಮ್ಮೆ ಕಾರ್ವಿಯ ನೀಲಿ ಹೂ ಇಳಿಜಾರುಗಳನ್ನು ಮುಚ್ಚುವುದಕ್ಕೆ ಇದೂ ಒಂದು ಕಾರಣ.

ಈಗ ಬೆಟ್ಟದ ಅಂಚಿನವರೆಗೂ ಮನೆಗಳು ಬಂದಿವೆ. ಅದರಡಿಯಲ್ಲಿ ಹಾಯುವ ಠಾಣೆ–ಬೋರಿವಲಿ ಸುರಂಗಮಾರ್ಗಕ್ಕೆ 2024ರಲ್ಲಿ ಭೂಮಿಪೂಜೆಯಾಯಿತು. ನಗರಕ್ಕೆ ದಾರಿ ಬೇಡವೆನ್ನುವಂತಿಲ್ಲ. ಆದರೆ ಕಾಡು, ಬಂಡೆ, ನೀರು ಇವು ಬಡ್ಡಿಯಲ್ಲ, ಮೂಲಧನ. ಗೌಡದೇಶದಿಂದ ಬಂದವನೊಬ್ಬನು ತನ್ನದಲ್ಲದ ಈ ನಾಡಿನಲ್ಲಿ ದತ್ತಿಯಿಟ್ಟನು. ಹೊರನಾಡಿನಿಂದ ಬಂದು ಇದೇ ಬೆಟ್ಟದ ನೀರು ಕುಡಿದ ನಾವು ಅದನ್ನು ಕರಗಗೊಡದಂತೆ ನೋಡಿಕೊಂಡರೂ ಸಾಕು.