ದೋಣಿಗೆ ಎಂಬತ್ತು, ಹುಡುಗನಿಗೆ ಅರವತ್ತು

ಮುಕ್ತ ಮಾರುಕಟ್ಟೆಗೂ ಒಂದು ಪುರಾಣ ಇದೆ. ಅದರ ನಾಯಕ ರಾಬಿನ್ಸನ್ ಕ್ರೂಸೋ. ಅರ್ಥಶಾಸ್ತ್ರದ ಪುಸ್ತಕಗಳಲ್ಲಿ ನಾವು ಕಂಡ ಕ್ರೂಸೋ ಹೀಗಿದ್ದ: ಒಬ್ಬನೇ ಮನುಷ್ಯ, ಒಂದು ದ್ವೀಪ, ತನ್ನ ದುಡಿಮೆ, ತನ್ನ ಆಯ್ಕೆ. ಯಾರ ಹಂಗೂ ಇಲ್ಲ. ಅರ್ಥಶಾಸ್ತ್ರಜ್ಞರ ಈ ಮೋಹವನ್ನು ಮಾರ್ಕ್ಸ್ 1867ರಲ್ಲೇ ಚುಚ್ಚಿದ್ದ. ಆದರೆ ಡೇನಿಯಲ್ ಡೆಫೋ 1719ರಲ್ಲಿ ಬರೆದ ಕಾದಂಬರಿಯನ್ನೇ ಬಿಚ್ಚಿ ನೋಡಿದರೆ ಬೇರೆ ಲೆಕ್ಕ ಸಿಗುತ್ತೆ.

ಕ್ರೂಸೋ ಮೊದಲು ತಾನೇ ಗುಲಾಮನಾಗಿದ್ದ. ಉತ್ತರ ಆಫ್ರಿಕಾದಿಂದ ದೋಣಿಯಲ್ಲಿ ತಪ್ಪಿಸಿಕೊಂಡಾಗ ಜತೆಗೆ ನಿಂತವನು ಕ್ಸೂರಿ ಎಂಬ ಹುಡುಗ. ಇಬ್ಬರನ್ನೂ ಹಡಗಿಗೆ ಹತ್ತಿಸಿಕೊಂಡ ಪೋರ್ಚುಗೀಸ್ ಕಪ್ತಾನ ಬೆಲೆ ಕಟ್ಟುತ್ತಾನೆ: ದೋಣಿಗೆ 80 ಬೆಳ್ಳಿ ನಾಣ್ಯ, ಹುಡುಗನಿಗೆ 60. ಕ್ರೂಸೋ ಕೊಂಚ ಅಳುಕುತ್ತಾನೆ. ಹುಡುಗ ಕ್ರೈಸ್ತನಾದರೆ 10 ವರ್ಷಕ್ಕೆ ಬಿಡುಗಡೆ ಎಂಬ ಮಾತು ಬಂದದ್ದೇ ಮಾರಿಬಿಡುತ್ತಾನೆ. ಇದಕ್ಕೆ ನಮ್ಮ ಕಡೆ ಜೀತ ಅಂತಾರೆ. ಮುಂದೆ ಬ್ರೆಜಿಲ್‌ನಲ್ಲಿ ತೋಟ ಮಾಡಿದಾಗ ಅಯ್ಯೋ ಮಾರಬಾರದಿತ್ತು ಅನ್ನಿಸುತ್ತದೆ. ಯಾಕೆ? ತೋಟಕ್ಕೆ ಆಳು ಸಾಲದು!

ಅವನ ಕೊನೆಯ ಹಡಗು ಹೊರಟದ್ದು ಗಿನಿ ತೀರದಿಂದ ಗುಲಾಮರನ್ನು ತಂದು ಗುಟ್ಟಾಗಿ ಇಳಿಸಲು. ಆ ವ್ಯಾಪಾರ ರಾಜರ ಪರವಾನಗಿಯಲ್ಲಿತ್ತು; ತೋಟದ ಒಡೆಯರಿಗೆ ಅದರ ತಡೆ ಬೇಡವಾಗಿತ್ತು. ಇದು ಬರೀ ಕತೆಯಲ್ಲ. ಇಂಗ್ಲೆಂಡಿನ ವರ್ತಕರು ವ್ಯಾಪಾರದ ಸ್ವಾತಂತ್ರ್ಯ ಅಂತ ಹೇಳಿಯೇ ರಾಯಲ್ ಆಫ್ರಿಕನ್ ಕಂಪನಿಯ ಏಕಸ್ವಾಮ್ಯದ ಮೇಲೆ ಬಿದ್ದರು. 1698ರ ಕಾಯ್ದೆ, ಶೇ. 10 ಸುಂಕ ಕೊಟ್ಟವರಿಗೆಲ್ಲ ಆಫ್ರಿಕಾದ ವ್ಯಾಪಾರವನ್ನು ತೆರೆಯಿತು. ಗುಲಾಮರ ಸಾಗಣೆ ಹೆಚ್ಚಿತು. ಮಾರುವವನು ಸ್ವತಂತ್ರನಾದ. ಸರಕಾದವನು?

ಹಡಗು ಒಡೆಯಿತು. ಕ್ರೂಸೋ ಬರಿಗೈಯಲ್ಲಿ ಬದುಕಲಿಲ್ಲ; ಅದೇ ಹಡಗಿನಿಂದ ಕೋವಿ, ಮದ್ದು, ಬಡಗಿಯ ಪೆಟ್ಟಿಗೆ ಹೊತ್ತು ತಂದ. ಪಠ್ಯಪುಸ್ತಕ ಈ ಹಡಗನ್ನೇ ನುಂಗಿಬಿಡುತ್ತದೆ. ಆಮೇಲೆ ಸಿಕ್ಕ ಮನುಷ್ಯನ ಹೆಸರನ್ನು ಅವನು ಕೇಳಲೇ ಇಲ್ಲ. ತಾನೇ 'ಫ್ರೈಡೆ' ಎಂದು ಹೆಸರಿಟ್ಟ, ತನ್ನನ್ನು 'ಮಾಸ್ಟರ್' ಅನ್ನಲು ಕಲಿಸಿದ. ಊರಗೌಡರ ಮುಂದೆ ಕೈಕಟ್ಟಿ 'ಬುದ್ಧೀ' ಅಂದೇ ಬಾಳಿದವರ ಮಕ್ಕಳಾದ ನಮಗೆ ಈ ಪಾಠ ಹೊಸದಲ್ಲ. 1986ರಲ್ಲಿ ದಕ್ಷಿಣ ಆಫ್ರಿಕಾದ ಕೂಟ್ಸೀ ಇದೇ ಕತೆಯನ್ನು 'ಫೋ' ಎಂದು ಮರಳಿ ಬರೆದಾಗ, ಆ ಫ್ರೈಡೆಗೆ ನಾಲಿಗೆಯೇ ಇರಲಿಲ್ಲ.

ದ್ವೀಪದಲ್ಲಿ 28 ವರ್ಷ ಕಳೆದ ಮೇಲೆ ಕ್ರೂಸೋ ಲಿಸ್ಬನ್‌ನಲ್ಲಿ ಅದೇ ಕಪ್ತಾನನನ್ನು ಕಾಣುತ್ತಾನೆ. ತೋಟದ ಲೆಕ್ಕ ಚುಕ್ತಾ ಆಗುತ್ತದೆ. 5000 ಪೌಂಡಿಗೂ ಮೀರಿದ ಹಣ ಕೈಸೇರುತ್ತದೆ. ಕ್ಸೂರಿ ಏನಾದ? ಕ್ರೂಸೋ ಕೇಳುವುದಿಲ್ಲ. ಕಪ್ತಾನ ಹೇಳುವುದಿಲ್ಲ. ಆ 10 ವರ್ಷದ ಲೆಕ್ಕವನ್ನು ನಾವು ಕೇಳ್ತೇವೆ.