ಒಂದೇ ಗುಂಡು, ಒಂದೇ ಅವಕಾಶ

1874ರ ಸೆಪ್ಟೆಂಬರ್ 26. ನ್ಯೂಯಾರ್ಕ್ ನಗರಕ್ಕೆ ಹತ್ತಿರದ ಲಾಂಗ್ ಐಲೆಂಡಿನ ಕ್ರೀಡ್‌ಮೂರ್ ಎಂಬ ಬಯಲಿನಲ್ಲಿ ಸಾವಿರಾರು ಜನ ನೆರೆದಿದ್ದರು. ನಡೆಯುತ್ತಿದ್ದುದು ಕುದುರೆ ಜೂಜಲ್ಲ, ಕುಸ್ತಿಯೂ ಅಲ್ಲ. ಐರ್ಲೆಂಡ್ ಮತ್ತು ಅಮೆರಿಕದ ನಡುವಣ ಗುರಿ ಹೊಡೆಯುವ ಪಂದ್ಯ. ಐರಿಷ್ ತಂಡ ತನ್ನ ಸರದಿ ಮುಗಿಸಿ 931 ಅಂಕ ಗಳಿಸಿತ್ತು. ಅಮೆರಿಕದ ಖಾತೆಯಲ್ಲಿ 930 ಅಂಕಗಳಿದ್ದವು. ಉಳಿದಿದ್ದುದು ಒಂದೇ ಒಂದು ಗುಂಡು. ಅದನ್ನು ಹೊಡೆಯಬೇಕಾಗಿದ್ದವನು ಕರ್ನಲ್ ಜಾನ್ ಬೋಡೈನ್. ಸ್ವಲ್ಪ ಹೊತ್ತಿಗೆ ಮುಂಚೆ ಅವನ ಕೈಯಲ್ಲಿದ್ದ ಜಿಂಜರ್ ಬಿಯರ್ ಬಾಟಲಿ ಒಡೆದು ಅಂಗೈ ಸೀಳಿತ್ತು, ರಕ್ತ ಸುರಿಯುತ್ತಿತ್ತು. ಗಾಯಕ್ಕೆ ಕರವಸ್ತ್ರ ಸುತ್ತಿಕೊಂಡು ಅವನು ನೆಲದ ಮೇಲೆ ಮಲಗಿದ, ಗುರಿ ನೋಡಿದ, ಹೊಡೆದ. 1000 ಗಜ ದೂರದ ಕಬ್ಬಿಣದ ಹಲಗೆಯ ನಡುವಿನ ಚೌಕಕ್ಕೆ ಗುಂಡು ಬಡಿಯಿತು. ಅದಕ್ಕೆ 4 ಅಂಕ. ಅಮೆರಿಕ 934, ಐರ್ಲೆಂಡ್ 931.

ಆ ಒಂದು ಗುಂಡಿನೊಂದಿಗೆ ಅಮೆರಿಕದಲ್ಲಿ ಗುರಿಕಾರಿಕೆ ಜನಪ್ರಿಯ ಕ್ರೀಡೆಯಾಯಿತು ಎನ್ನುವುದುಂಟು. ಅದನ್ನು ಹಾರಿಸಿದ ಬಗೆಯ ಬಂದೂಕುಗಳನ್ನು ಇಂದಿಗೂ ಹುಡುಕಿ ಕೊಳ್ಳುವವರಿದ್ದಾರೆ. ಅವರಲ್ಲಿ ಅನೇಕರು ಅವನ್ನು ಗಾಜಿನ ಕಪಾಟಿನಲ್ಲಿಟ್ಟು ಸುಮ್ಮನಾಗುವುದಿಲ್ಲ. ಬಯಲಿಗೆ ಒಯ್ದು ಹೊಡೆಯುತ್ತಾರೆ. ನೂರಿಪ್ಪತ್ತು ನೂರೈವತ್ತು ವರ್ಷ ಹಳೆಯ ಯಂತ್ರವೊಂದನ್ನು ಅದರ ಮೂಲ ಕೆಲಸಕ್ಕೇ ಹಚ್ಚುವ ಈ ಹವ್ಯಾಸದ ಹಿಂದೆ ಕುತೂಹಲಕರವಾದ ಚರಿತ್ರೆಯಿದೆ.

ಬಾಯಿಂದ ಬುಡಕ್ಕೆ

ಹೆಸರೇ ಹೇಳುವಂತೆ ಈ ರೈಫಲ್‌ಗಳಲ್ಲಿ ತೋಟಾಗಳನ್ನು ಸಾಲಾಗಿ ತುಂಬಿಡುವ ಪೆಟ್ಟಿಗೆ ಇರುವುದಿಲ್ಲ. ಒಂದು ಸಲ ತುಂಬಿದರೆ ಒಂದೇ ಗುಂಡು. ಮತ್ತೊಂದು ಬೇಕಾದರೆ ಬುಡವನ್ನು ತೆರೆದು, ಖಾಲಿ ತೋಟಾ ತೆಗೆದು, ಹೊಸದನ್ನು ಇಡಬೇಕು. ಯುದ್ಧಕ್ಕೆ ಇದು ದೊಡ್ಡ ಕೊರತೆ. ಗುರಿ ಹೊಡೆಯುವವನಿಗೆ ಮಾತ್ರ ಇದೇ ಅನುಕೂಲ. ಚಲಿಸುವ ಭಾಗಗಳು ಕಡಿಮೆಯಾದಷ್ಟೂ ಬಂದೂಕು ಬಿಗಿಯಾಗಿರುತ್ತದೆ. ಬಿಗಿಯಾಗಿದ್ದಷ್ಟೂ ಒಂದು ಗುಂಡು ಹೋದ ಕಡೆಗೇ ಇನ್ನೊಂದು ಹೋಗುತ್ತದೆ.

ಕ್ರೀಡ್‌ಮೂರ್ ಪಂದ್ಯದ ಮಹತ್ವವಿರುವುದು ಇಲ್ಲಿಯೇ. ಐರಿಷ್ ತಂಡ ಹಿಂದಿನ ವರ್ಷವಷ್ಟೇ ಇಂಗ್ಲೆಂಡಿನ ವಿಂಬಲ್ಡನ್‌ನಲ್ಲಿ ಎಲ್ಕೊ ಷೀಲ್ಡ್ ಗೆದ್ದಿತ್ತು. ಅವರ ಕೈಯಲ್ಲಿದ್ದವು ಡಬ್ಲಿನ್ನಿನ ಜಾನ್ ರಿಗ್ಬಿ ತಯಾರಿಸಿದ, ನಳಿಗೆಯ ಬಾಯಿಯಿಂದ ಮದ್ದು ಗುಂಡು ತುಂಬುವ ರೈಫಲ್‌ಗಳು. ದೂರದ ಗುರಿಗೆ ಅವನ್ನು ಮೀರಿಸುವುದು ಬೇರೆ ಇಲ್ಲವೆಂಬುದು ಆಗಿನ ಬಲ್ಲವರ ಅಭಿಪ್ರಾಯವಾಗಿತ್ತು. ಐರಿಷರು ಪತ್ರಿಕೆಯ ಮೂಲಕ ಸವಾಲು ಹಾಕಿದಾಗ ಅಮೆರಿಕದಲ್ಲಿ ಅಷ್ಟು ದೂರಕ್ಕೆ ತಕ್ಕ ಬಂದೂಕೂ ಇರಲಿಲ್ಲ, ಅಭ್ಯಾಸವಿದ್ದ ಗುರಿಕಾರರೂ ಇರಲಿಲ್ಲ. ರೆಮಿಂಗ್ಟನ್ ಮತ್ತು ಷಾರ್ಪ್ಸ್ ಕಂಪನಿಗಳು ಕೆಲವೇ ತಿಂಗಳಲ್ಲಿ ಬುಡದಿಂದ ತೋಟಾ ತುಂಬುವ ಹೊಸ ರೈಫಲ್‌ಗಳನ್ನು ಸಿದ್ಧಪಡಿಸಿದವು. ಆರು ಜನರ ಅಮೆರಿಕದ ತಂಡದಲ್ಲಿ ಮೂವರು ರೆಮಿಂಗ್ಟನ್, ಮೂವರು ಷಾರ್ಪ್ಸ್ ಹಿಡಿದರು. ಹೀಗಾಗಿ ಇದು ಎರಡು ದೇಶಗಳ ಪಂದ್ಯವಾಗಿದ್ದಂತೆ ಎರಡು ತಂತ್ರಗಳ ಪಂದ್ಯವೂ ಆಗಿತ್ತು. ರಿಗ್ಬಿ ಸ್ವತಃ ಐರಿಷ್ ತಂಡದಲ್ಲಿದ್ದ. ರೆಮಿಂಗ್ಟನ್ನಿನ ಕುಶಲಿ ಹೆಪ್ಬರ್ನ್ ಅಮೆರಿಕದ ತಂಡದಲ್ಲಿದ್ದ. ತಯಾರಿಸಿದವರೇ ಎದುರುಬದುರು ಹೊಡೆದರು.

ಆದರೆ ಹೊಸ ತಂತ್ರ ಹಳೆಯದನ್ನು ಸೋಲಿಸಿತೆಂದು ಸುಲಭವಾಗಿ ಹೇಳುವಂತಿಲ್ಲ. ಐರಿಷ್ ತಂಡದ ಮಿಲ್ನರ್ ಎಂಬಾತ 900 ಗಜದಲ್ಲಿ ಹೊಡೆದ ಒಂದು ಗುಂಡು ಸರಿಯಾಗಿ ನಡುವಿಗೇ ಬಡಿಯಿತು, ಆದರೆ ಪಕ್ಕದ ಹಲಗೆಯ ನಡುವಿಗೆ! ಅದಕ್ಕೆ ಅಂಕವಿಲ್ಲ. ಆ 4 ಅಂಕ ದಕ್ಕಿದ್ದರೆ ಐರ್ಲೆಂಡ್ 935 ಗಳಿಸಿ ಒಂದು ಅಂಕದಿಂದ ಗೆಲ್ಲುತ್ತಿತ್ತು. ಬೋಡೈನನ ಕೈಗಾಯದ ಕತೆ ಎಲ್ಲರ ಬಾಯಲ್ಲಿ ಉಳಿಯಿತು. ಮಿಲ್ನರನ ಕಣ್ತಪ್ಪು ಅಷ್ಟಾಗಿ ಉಳಿಯಲಿಲ್ಲ. ಮರುವರ್ಷ ಡಬ್ಲಿನ್ ಸಮೀಪದ ಡಾಲಿಮೌಂಟಿನಲ್ಲಿ ನಡೆದ ಮರುಪಂದ್ಯದಲ್ಲಿ ಮಾತ್ರ ಅಮೆರಿಕನ್ನರು 967-929ರಿಂದ ಗೆದ್ದು ಸಂಶಯಕ್ಕೆ ಎಡೆಯಿಲ್ಲದಂತೆ ಮಾಡಿದರು.

ಗಾಳಿಯ ಲೆಕ್ಕ

1000 ಗಜವೆಂದರೆ ಹೆಚ್ಚುಕಡಿಮೆ 914 ಮೀಟರ್. ಅಷ್ಟು ದೂರದ 3 ಅಡಿ ಚೌಕವನ್ನು ನೋಡುವುದೆಂದರೆ ಹತ್ತು ಮೀಟರ್ ಆಚೆ ಇಟ್ಟ ಒಂದು ಕಾಬೂಲಿ ಕಡಲೆಕಾಳನ್ನು ನೋಡಿದಂತೆ. ಅಂದಿನ ರೈಫಲ್‌ಗಳಿಗೆ ದುರ್ಬೀನು ಇರಲಿಲ್ಲ. ಹಿಂದೆ ಸೂಕ್ಷ್ಮವಾದ ಅಳತೆಪಟ್ಟಿಯ ಮೇಲೆ ಏರಿಳಿಯುವ ಸಣ್ಣ ರಂಧ್ರ, ಮುಂದೆ ನಳಿಗೆಯ ತುದಿಯಲ್ಲಿ ಒಂದು ಗುರುತು, ಇಷ್ಟೇ. ಗುಂಡು ಗುರಿ ಮುಟ್ಟಲು ಸುಮಾರು 3 ಸೆಕೆಂಡು ಬೇಕಾಗುತ್ತಿತ್ತು. ಆ ಅವಧಿಯಲ್ಲಿ ಅಡ್ಡಗಾಳಿ ಅದನ್ನು ಹಲವು ಅಡಿ ಪಕ್ಕಕ್ಕೆ ತಳ್ಳಬಲ್ಲದು. ಆದ್ದರಿಂದ ಗುರಿಕಾರ ಹಲಗೆಗಿಂತ ಹೆಚ್ಚಾಗಿ ಬಾವುಟಗಳನ್ನೂ ಹುಲ್ಲಿನ ಬಾಗುವಿಕೆಯನ್ನೂ ಗಮನಿಸುತ್ತಿದ್ದ. ಕೆಲವರು ಅಂಗಾತ ಮಲಗಿ, ಕಾಲನ್ನು ಗುರಿಯ ಕಡೆ ಚಾಚಿ, ನಳಿಗೆಯನ್ನು ತಮ್ಮ ಕಾಲಿನ ಮೇಲೆಯೇ ಊರಿ ಹೊಡೆಯುತ್ತಿದ್ದರು. ನೋಡುವವರಿಗೆ ನಗು ಬರಿಸುವ ಭಂಗಿ. ಆದರೆ ಕೈ ನಡುಗದಂತೆ ಮಾಡಲು ಅದು ಒಳ್ಳೆಯ ಉಪಾಯವಾಗಿತ್ತು.

ಮದ್ದು ಕರಿಮದ್ದು. ಅದು ಸುಟ್ಟಾಗ ದಟ್ಟ ಹೊಗೆ ಬರುತ್ತದೆ, ನಳಿಗೆಯೊಳಗೆ ಮಸಿ ಗಟ್ಟಿಯಾಗಿ ಕೂರುತ್ತದೆ. ಆ ಮಸಿ ಒಣಗಿದರೆ ಮುಂದಿನ ಗುಂಡು ದಾರಿ ತಪ್ಪುತ್ತದೆ. ಹೀಗಾಗಿ ಇಂದಿಗೂ ಹಳೆಯ ರೈಫಲ್ ಹೊಡೆಯುವವರು ಗುಂಡಿನಿಂದ ಗುಂಡಿಗೆ ನಳಿಗೆಯೊಳಕ್ಕೆ ಕೊಳವೆಯಿಂದ ಬಾಯುಸಿರು ಊದುವುದನ್ನು ಕಾಣಬಹುದು. ಉಸಿರಿನ ತೇವಕ್ಕೆ ಮಸಿ ಮೆತ್ತಗಾಗುತ್ತದೆ. ಗುಂಡನ್ನೂ ಅಂಗಡಿಯಿಂದ ತರುವುದು ಕಡಿಮೆ. ಸೀಸಕ್ಕೆ ಅಲ್ಪ ಪ್ರಮಾಣದ ತವರ ಬೆರೆಸಿ ಮನೆಯಲ್ಲಿಯೇ ಎರಕ ಹೊಯ್ದುಕೊಳ್ಳುತ್ತಾರೆ.

ಹಬ್ಬವಾದ ಗುರಿಕಾರಿಕೆ

ಕ್ರೀಡ್‌ಮೂರಿನ ವೈಭವ ಬಹಳ ಕಾಲ ಉಳಿಯಲಿಲ್ಲ. 1880ರ ನಂತರ ನ್ಯೂಯಾರ್ಕ್ ರಾಜ್ಯ ಸರಕಾರದ ಬೆಂಬಲ ಕಡಿಮೆಯಾಯಿತು. 1890ರಲ್ಲಿ ಆ ಜಾಗ ಸರಕಾರಕ್ಕೆ ಮರಳಿತು, ಮುಂದೆ ಅಲ್ಲಿ ಮಾನಸಿಕ ಚಿಕಿತ್ಸಾಲಯ ತಲೆಯೆತ್ತಿತು. ಷಾರ್ಪ್ಸ್ ಕಂಪನಿ 1881ರಲ್ಲೇ ಬಾಗಿಲು ಹಾಕಿತ್ತು.

ಆದರೆ ಏಕಗುಂಡಿನ ರೈಫಲ್ ಅಷ್ಟಕ್ಕೇ ಮುಗಿಯಲಿಲ್ಲ. ಅದನ್ನು ಬದುಕಿಸಿದವರು ಜರ್ಮನಿ ಮತ್ತು ಸ್ವಿಟ್ಜರ್ಲೆಂಡಿನಿಂದ ವಲಸೆ ಬಂದವರು. ಅವರ ಊರುಗಳಲ್ಲಿ ಗುರಿ ಹೊಡೆಯುವುದು ಶತಮಾನಗಳ ಹಬ್ಬ. ಹೊಸ ನಾಡಿಗೆ ಬಂದಾಗ ಅದನ್ನೂ ತಂದರು. ನ್ಯೂಯಾರ್ಕ್, ಮಿಲ್ವಾಕೀ, ಸಿನ್ಸಿನಾಟಿ, ಸ್ಯಾನ್‌ಫ್ರಾನ್ಸಿಸ್ಕೊ ಮೊದಲಾದ ಕಡೆ ಷೂಟ್ಜೆನ್ ಸಂಘಗಳು ಹುಟ್ಟಿದವು. ಭಾನುವಾರ ಹೆಂಡತಿ ಮಕ್ಕಳೊಂದಿಗೆ ಉದ್ಯಾನಕ್ಕೆ ಹೋಗುವುದು, ವಾದ್ಯಮೇಳ, ಊಟ, ಬಿಯರು, ನಡುವೆ ಗುರಿ ಪಂದ್ಯ. ಗೆದ್ದವನಿಗೆ ಆ ವರ್ಷದ ರಾಜನ ಪಟ್ಟ. ಇಲ್ಲಿ ದೂರ 200 ಗಜ ಮಾತ್ರ, ಆದರೆ ಮಲಗುವಂತಿಲ್ಲ, ನಿಂತೇ ಹೊಡೆಯಬೇಕು. ಅದಕ್ಕಾಗಿ ರೈಫಲ್‌ನ ರೂಪವೇ ಬದಲಾಯಿತು. ನಳಿಗೆ ದಪ್ಪ, ತೂಕ ಆರೇಳು ಕಿಲೊ, ಭುಜಕ್ಕೆ ಕೊಕ್ಕೆಯಂತೆ ಸಿಕ್ಕುವ ಬುಡ, ಎಡ ಅಂಗೈಗೆ ಊರುಗೋಲು, ಉಸಿರು ತಾಕಿದರೂ ಬೀಳುವುದೇನೋ ಎಂಬಷ್ಟು ನವಿರಾದ ಟ್ರಿಗರ್. ಮರದ ಮೇಲೆ ಕೆತ್ತನೆ, ಲೋಹದ ಮೇಲೆ ಬಳ್ಳಿಯ ಚಿತ್ತಾರ.

ಈ ಕಾಲದ ದೊಡ್ಡ ಹೆಸರು ಹ್ಯಾರಿ ಪೋಪ್ (1861-1950). ಇವನು ನಳಿಗೆ ಕೊರೆಯುವುದರಲ್ಲಿ ಎತ್ತಿದ ಕೈ. ನಳಿಗೆಯ ತುದಿಯಿಂದ ಒಂದು ತುಂಡನ್ನು ಕತ್ತರಿಸಿ ತೆಗೆದು, ಬೇಕಾದಾಗ ಮತ್ತೆ ಅದೇ ಜಾಗಕ್ಕೆ ಕೂಡಿಸುವಂತೆ ಮಾಡುತ್ತಿದ್ದ. ಗುಂಡನ್ನು ಆ ತುಂಡಿನ ಮೂಲಕ ಬಾಯಿಯಿಂದ ಇಳಿಸಿ, ಮದ್ದಿನ ತೋಟಾವನ್ನು ಮಾತ್ರ ಬುಡದಿಂದ ಇಡುವುದು ಅವನ ಕ್ರಮ. ಕ್ರೀಡ್‌ಮೂರಿನಲ್ಲಿ ಎದುರಾಳಿಗಳಾಗಿದ್ದ ಎರಡು ತಂತ್ರಗಳು ಪೋಪನ ಕೈಯಲ್ಲಿ ಒಂದಾದವು. ಕೊಲರಾಡೊದ ಸಿ. ಡಬ್ಲ್ಯು. ರೋಲೆಂಡ್ ಎಂಬಾತ 1901ರಲ್ಲಿ ಪೋಪ್ ನಳಿಗೆಯ ರೈಫಲನ್ನು ಆನಿಕೆಯ ಮೇಲಿಟ್ಟು 200 ಗಜಕ್ಕೆ ಹತ್ತು ಗುಂಡು ಹೊಡೆದಾಗ ಆ ಹತ್ತೂ ಮುಕ್ಕಾಲು ಇಂಚಿಗಿಂತ ಕಡಿಮೆ ಜಾಗದಲ್ಲಿ ಕೂತವು. ಪೋಪನ ಬದುಕು ಮಾತ್ರ ಅಷ್ಟು ನೇರವಾಗಿರಲಿಲ್ಲ. 1906ರಲ್ಲಿ ಸ್ಯಾನ್‌ಫ್ರಾನ್ಸಿಸ್ಕೊಗೆ ಹೋಗಿ ಕಾರ್ಯಾಗಾರ ಹೂಡುತ್ತಿದ್ದಂತೆ ಭೂಕಂಪ ಎಲ್ಲವನ್ನೂ ನುಂಗಿತು. ಪೂರ್ವ ತೀರಕ್ಕೆ ಹಿಂದಿರುಗಿ, ಜರ್ಸಿ ಸಿಟಿಯ ಇಕ್ಕಟ್ಟಾದ ಕೋಣೆಯಲ್ಲಿ ಸಾಯುವವರೆಗೂ ಕೆಲಸ ಮಾಡಿದ. ಅವನ ನಳಿಗೆಗಾಗಿ ಜನ ವರ್ಷಗಟ್ಟಲೆ ಕಾಯುತ್ತಿದ್ದರು.

ಕಾಲ ಕಳೆದುಹೋದದ್ದು

ಹೊಗೆರಹಿತ ಮದ್ದು, ಸಾಲಾಗಿ ತೋಟಾ ತುಂಬುವ ಸೈನಿಕ ರೈಫಲ್‌ಗಳು ಬಂದ ಮೇಲೆ ಹಳೆಯ ಬಂದೂಕು ಹಿಂದೆ ಬಿತ್ತು. ಆದರೆ ಷೂಟ್ಜೆನ್ ಸಂಘಗಳಿಗೆ ಬಿದ್ದ ದೊಡ್ಡ ಪೆಟ್ಟು ತಂತ್ರಜ್ಞಾನದ್ದಲ್ಲ. 1917ರಲ್ಲಿ ಅಮೆರಿಕ ಮೊದಲ ಮಹಾಯುದ್ಧಕ್ಕೆ ಇಳಿದಾಗ ಜರ್ಮನ್ ಎಂಬುದೆಲ್ಲವೂ ಅನುಮಾನಕ್ಕೆ ಗುರಿಯಾಯಿತು. ಜರ್ಮನ್ ಮಾತಾಡುತ್ತ, ಬಂದೂಕು ಹಿಡಿದು ಒಂದೆಡೆ ಸೇರುವ ಜನರನ್ನು ನೆರೆಹೊರೆಯವರು ಹೇಗೆ ನೋಡಿದ್ದಾರೆಂದು ಊಹಿಸುವುದು ಕಷ್ಟವಲ್ಲ. ಅನೇಕ ಸಂಘಗಳು ಮುಚ್ಚಿದವು, ಕೆಲವು ಹೆಸರು ಬದಲಿಸಿಕೊಂಡವು. 1920ರ ಪಾನನಿಷೇಧ ಉಳಿದ ಹಬ್ಬದ ಕಳೆಯನ್ನೂ ಕಸಿದುಕೊಂಡಿತು. ಅಜ್ಜಂದಿರ ರೈಫಲ್‌ಗಳು ಅಟ್ಟ ಸೇರಿದವು.

ಅಟ್ಟದಿಂದ ಅವನ್ನು ಇಳಿಸಿದವರು ಸಂಗ್ರಾಹಕರು. ಜೇಮ್ಸ್ ಗ್ರಾಂಟ್ 1947ರಲ್ಲಿ ಈ ರೈಫಲ್‌ಗಳ ಬಗ್ಗೆ ಪುಸ್ತಕ ಬರೆದು ಯಾವುದು ಯಾರ ತಯಾರಿಕೆ, ಹೇಗೆ ಗುರುತಿಸಬೇಕು ಎಂದು ವಿವರಿಸಿದ. ಮರುವರ್ಷವೇ ಏಕಗುಂಡಿನ ರೈಫಲ್ ಪ್ರಿಯರ ರಾಷ್ಟ್ರೀಯ ಸಂಘ ಹುಟ್ಟಿತು. ಬಲ್ಲಾರ್ಡ್, ಸ್ಟೀವನ್ಸ್, ಜಾನ್ ಬ್ರೌನಿಂಗ್ ರೂಪಿಸಿದ 1885ರ ವಿಂಚೆಸ್ಟರ್ ಮೊದಲಾದ ಹೆಸರುಗಳು ಮತ್ತೆ ಬಳಕೆಗೆ ಬಂದವು. ಅಮೆರಿಕದ 1968ರ ಬಂದೂಕು ಕಾಯ್ದೆ 1898 ಅಥವಾ ಅದಕ್ಕೂ ಹಿಂದೆ ತಯಾರಾದುದನ್ನು ಪುರಾತನ ವಸ್ತುವೆಂದು ಪ್ರತ್ಯೇಕವಾಗಿ ಎಣಿಸಿತು.

ಇಲ್ಲಿ ಒಂದು ನಿಜವಾದ ಇಕ್ಕಟ್ಟಿದೆ. ಹಳೆಯ ರೈಫಲ್ ಹೊಡೆದಷ್ಟೂ ಸವೆಯುತ್ತದೆ. ಕರಿಮದ್ದಿನ ಮಸಿಯನ್ನು ಅಂದೇ ತೊಳೆಯದಿದ್ದರೆ ನಳಿಗೆ ತುಕ್ಕು ಹಿಡಿಯುತ್ತದೆ. ಹೊಸ ಕಾಲದ ಬಲವಾದ ಮದ್ದು ತುಂಬಿದರೆ ಒಡೆದು ಪ್ರಾಣಕ್ಕೇ ಕುತ್ತು ತಂದೀತು. ಹಾಗೆಂದು ಹೊಡೆಯದೆ ಇಟ್ಟರೆ ಅದನ್ನು ತುಂಬುವ, ಗಾಳಿ ಅಳೆಯುವ, ಗುಂಡು ಎರಕ ಹೊಯ್ಯುವ ವಿದ್ಯೆಯೇ ಮರೆತುಹೋಗುತ್ತದೆ. ವಸ್ತು ಉಳಿಯಬೇಕೋ, ವಿದ್ಯೆ ಉಳಿಯಬೇಕೋ? ಕೆಲವರು ಮೂಲ ರೈಫಲನ್ನು ಮನೆಯಲ್ಲಿಟ್ಟು, ಮೊಂಟಾನಾದಲ್ಲಿ ಅಥವಾ ಇಟಲಿಯಲ್ಲಿ ತಯಾರಾದ ಪ್ರತಿಕೃತಿಯನ್ನು ಬಯಲಿಗೆ ಒಯ್ಯುತ್ತಾರೆ. ಇನ್ನು ಕೆಲವರು ಹಳೆಯದನ್ನೇ ಮಿತವಾಗಿ, ಜೋಪಾನವಾಗಿ ಹೊಡೆಯುತ್ತಾರೆ.

ಈ ಬಂದೂಕುಗಳ ನೆನಪೆಲ್ಲ ಹಬ್ಬದ್ದಲ್ಲ ಎಂಬುದನ್ನೂ ಹೇಳಬೇಕು. ಕ್ರೀಡ್‌ಮೂರಿನಲ್ಲಿ ಮೆರೆದ ಷಾರ್ಪ್ಸ್‌ನ ಒಡಹುಟ್ಟುಗಳೇ ಅಮೆರಿಕದ ಹುಲ್ಲುಗಾವಲುಗಳಲ್ಲಿ ಕಾಡೆಮ್ಮೆಗಳನ್ನು ಉರುಳಿಸಿದವು. ಕೋಟಿಗಳ ಲೆಕ್ಕದಲ್ಲಿದ್ದ ಆ ಪ್ರಾಣಿ 1880ರ ದಶಕದ ಕೊನೆಗೆ ಸಾವಿರಕ್ಕೂ ಕಡಿಮೆಯಾಯಿತು. ಅದನ್ನೇ ನಂಬಿದ್ದ ಮೂಲನಿವಾಸಿಗಳ ಬದುಕೂ ಮುರಿಯಿತು.

ಗುರಿ ಹೊಡೆಯುವುದೇ ಹಬ್ಬವಾಗುವುದು ಕನ್ನಡ ನಾಡಿಗೂ ಹೊಸದಲ್ಲ. ಕೊಡಗಿನಲ್ಲಿ ಕೈಲ್‌ಪೊಳ್ದ್ ದಿನ ಕೋವಿಗೆ ಪೂಜೆ ಸಲ್ಲುತ್ತದೆ; ಮರದ ಮೇಲಿನ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ ನಡೆಯುತ್ತದೆ. 1861ರಲ್ಲಿ ಬ್ರಿಟಿಷ್ ಆಡಳಿತ ಕೊಡವರಿಗೆ ಕೊಟ್ಟ ಬಂದೂಕು ವಿನಾಯಿತಿಯನ್ನು ಕರ್ನಾಟಕ ಹೈಕೋರ್ಟು 2021ರಲ್ಲಿ ಎತ್ತಿಹಿಡಿಯಿತು. ಕೊಡಗಿನ ಐನ್‌ಮನೆಯ ಗೋಡೆಯ ಮೇಲಿನ ಕೋವಿಗೂ ಮಿಲ್ವಾಕೀಯ ಅಟ್ಟದ ರೈಫಲ್‌ಗೂ ನಂಟೇನಿಲ್ಲ. ಆದರೂ ಎರಡೂ ಕಡೆ ಆಯುಧವೊಂದು ಕುಟುಂಬದ ನೆನಪಾಗಿ, ಊರು ಒಂದೆಡೆ ಸೇರುವುದಕ್ಕೆ ನೆಪವಾಗಿ ಉಳಿದದ್ದು ಗಮನಿಸತಕ್ಕದ್ದು.

ಇಂದಿನ ಬಂದೂಕು ಕ್ಷಣಾರ್ಧದಲ್ಲಿ ಹತ್ತಾರು ಗುಂಡು ಉಗುಳುತ್ತದೆ. ಅದರಿಂದಾಗುವ ಅನಾಹುತಗಳ ಸುದ್ದಿ ಅದೇ ಅಮೆರಿಕದಿಂದ ಮತ್ತೆ ಮತ್ತೆ ಬರುತ್ತಿದೆ. ಏಕಗುಂಡಿನ ರೈಫಲ್ ಹಿಡಿದವನು ಮಾತ್ರ ಪ್ರತಿ ಗುಂಡಿಗೂ ಮುಂಚೆ ನಿಲ್ಲಲೇಬೇಕು, ಗಾಳಿ ನೋಡಲೇಬೇಕು, ತನ್ನ ಹಲಗೆ ಯಾವುದೆಂದು ಮತ್ತೊಮ್ಮೆ ಖಚಿತಪಡಿಸಿಕೊಳ್ಳಲೇಬೇಕು. ಒಮ್ಮೆ ಹೊರಟ ಗುಂಡನ್ನು ಹಿಂದಕ್ಕೆ ಕರೆಯಲಾಗದೆಂಬುದನ್ನು ಮಿಲ್ನರನಷ್ಟು ಚೆನ್ನಾಗಿ ಬಲ್ಲವರು ಬೇರೆ ಯಾರೂ ಇರಲಿಲ್ಲ.