ರೇಷ್ಮೆಗೂಡಿನ ಬಣ್ಣ ಮತ್ತು ನಮ್ಮ ರಕ್ತದ ಕೊಲೆಸ್ಟರಾಲ್

ರಾಮನಗರದ ಸರ್ಕಾರಿ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ಎರಡು ಬಣ್ಣದ ಗೂಡುಗಳನ್ನು ನೋಡಬಹುದು. ಮಿಶ್ರತಳಿಯದು ಹಳದಿ, ದ್ವಿತಳಿಯದು ಬಿಳಿ. ಎರಡೂ ಹುಳುಗಳು ತಿನ್ನುವುದು ಹಿಪ್ಪುನೇರಳೆ ಸೊಪ್ಪನ್ನೇ. ಹಾಗಾದರೆ ಬಣ್ಣವೇಕೆ ಬೇರೆ? ಇದಕ್ಕೆ ಪೂರ್ಣ ಉತ್ತರ ದೊರೆಯಲು ಒಂದು ಶತಮಾನವೇ ಬೇಕಾಯಿತು.

ಹಳದಿ ಮತ್ತು ಬಿಳಿ ಗೂಡಿನ ತಳಿಗಳನ್ನು ಸಂಕರಿಸಿದ ಜಪಾನಿನ ತೊಯಾಮ ಕಮೆತಾರೊ 1906ರಲ್ಲಿ ಫಲಿತಾಂಶ ಪ್ರಕಟಿಸಿದರು. ಮೊದಲ ಪೀಳಿಗೆಯಲ್ಲಿ ಎಲ್ಲವೂ ಹಳದಿ. ಎರಡನೆಯದರಲ್ಲಿ ಸುಮಾರು ಮೂರು ಹಳದಿಗೆ ಒಂದು ಬಿಳಿ. ಮೆಂಡಲ್ ಬಟಾಣಿ ಗಿಡದಲ್ಲಿ ಕಂಡ ನಿಯಮ ಕೀಟಕ್ಕೂ ಅನ್ವಯಿಸಿತು. ಆದರೆ ಆ ಜೀನು ಮಾಡುವ ಕೆಲಸವೇನು?

ಗೂಡಿನ ಹಳದಿಗೆ ಕಾರಣ ಸೊಪ್ಪಿನಲ್ಲಿರುವ ಕ್ಯಾರೊಟಿನಾಯ್ಡ್. (ಹಸಿರು ಛಾಯೆ ಬರುವುದು ಫ್ಲೇವನಾಯ್ಡ್‌ಗಳಿಂದ.) ಕ್ಯಾರೊಟಿನಾಯ್ಡ್ ಎಣ್ಣೆಯಲ್ಲಿ ಕರಗುತ್ತದೆ, ನೀರಿನಲ್ಲಿ ಕರಗದು. ಆದ್ದರಿಂದ ಹುಳುವಿನ ರಕ್ತದಲ್ಲಿ ಅದನ್ನು ಹೊತ್ತೊಯ್ಯುವುದು ಲೈಪೊಫೋರಿನ್ ಎಂಬ ಲೈಪೊಪ್ರೊಟೀನು.

2007ರಲ್ಲಿ ಜಪಾನಿನ ಸಕುಡೊ ಮತ್ತು ಸಂಗಡಿಗರು 'ಹಳದಿ ರಕ್ತ' ಜೀನಿನ ಗುಟ್ಟು ಬಿಡಿಸಿದರು. ಅದು ಕ್ಯಾರೊಟಿನಾಯ್ಡನ್ನು ಹಿಡಿದಿಡುವ ಪ್ರೊಟೀನನ್ನು ತಯಾರಿಸುತ್ತದೆ. ಈ ಜೀನಿನ ಒಂದು ತುಣುಕು ಕಳೆದುಹೋದ ತಳಿಗಳಲ್ಲಿ ಕರುಳು ಬಣ್ಣವನ್ನು ಹೀರಿಕೊಳ್ಳದು. ಆಗ ರಕ್ತಕ್ಕೂ ಬಣ್ಣವಿಲ್ಲ, ಗೂಡಿಗೂ ಇಲ್ಲ.

ಇನ್ನು ಕೆಲವು ತಳಿಗಳಲ್ಲಿ ರಕ್ತ ಹಳದಿ, ಗೂಡು ಮಾತ್ರ ಬಿಳಿ! 2010ರಲ್ಲಿ ಅದೇ ತಂಡ ಇದನ್ನೂ ವಿವರಿಸಿತು. ರೇಷ್ಮೆಗ್ರಂಥಿಯ ಕೋಶಗಳು ಲೈಪೊಫೋರಿನ್ ತಂದ ಬಣ್ಣವನ್ನು ಒಳಗೆಳೆದುಕೊಳ್ಳಲು 'ಕ್ಯಾಮಿಯೊ2' ಎಂಬ ಪ್ರೊಟೀನು ಬೇಕು. ಈ ತಳಿಗಳ ಗ್ರಂಥಿಯಲ್ಲಿ ಅದರ ಕೊರತೆ. ಸರಕು ಬಾಗಿಲಿಗೆ ಬಂದಿದೆ, ಇಳಿಸಿಕೊಳ್ಳುವವರಿಲ್ಲ.

ನಮ್ಮ ದೇಹದಲ್ಲಿಯೂ ಹೀಗಾಗುವುದುಂಟು. ಕೊಲೆಸ್ಟರಾಲ್ ಹೊತ್ತ ಎಲ್‌ಡಿಎಲ್ ಕಣಗಳನ್ನು ಹಿಡಿಯುವ ಗ್ರಾಹಿಯನ್ನು ಬ್ರೌನ್ ಮತ್ತು ಗೋಲ್ಡ್‌ಸ್ಟೈನ್ 1970ರ ದಶಕದಲ್ಲಿ ಗುರುತಿಸಿದರು. 1985ರಲ್ಲಿ ನೊಬೆಲ್ ಪಡೆದರು. ಆ ಗ್ರಾಹಿಯ ಜೀನು ಕೆಟ್ಟರೆ ಎಲ್‌ಡಿಎಲ್ ರಕ್ತದಲ್ಲೇ ಉಳಿದು, ಎಳೆಯ ವಯಸ್ಸಿನಲ್ಲೇ ಹೃದ್ರೋಗ ತರಬಲ್ಲದು. ಕ್ಯಾಮಿಯೊ2ರ ಬಂಧುವೊಂದು ನಮ್ಮ ಯಕೃತ್ತಿನಲ್ಲಿದೆ. ಅದು ಎಚ್‌ಡಿಎಲ್‌ನಿಂದ ಕೊಲೆಸ್ಟರಾಲ್ ಇಳಿಸಿಕೊಳ್ಳುವ ಎಸ್‌ಆರ್-ಬಿ1. ಅದರಲ್ಲಿ ಒಂದೇ ಅಮೈನೊ ಆಮ್ಲ ಬದಲಾದ ಅಪರೂಪದ ರೂಪವುಳ್ಳವರಲ್ಲಿ 'ಒಳ್ಳೆಯ' ಎಚ್‌ಡಿಎಲ್ ಹೆಚ್ಚಿದ್ದರೂ ಹೃದ್ರೋಗದ ಅಪಾಯ ಕಡಿಮೆಯಾಗುವ ಬದಲು ಹೆಚ್ಚಿತ್ತೆಂದು 2016ರಲ್ಲಿ ತಿಳಿದುಬಂದಿತು.

ರಕ್ತದಲ್ಲಿ ಎಷ್ಟಿದೆ ಎಂಬ ಅಂಕಿಯೊಂದೇ ಸಾಲದು. ಕೋಶ ಅದನ್ನು ಇಳಿಸಿಕೊಳ್ಳುತ್ತಿದೆಯೇ ಎಂಬುದೂ ಮುಖ್ಯ. ಹಳದಿ ರಕ್ತದ ಹುಳು ಹೆಣೆದ ಬಿಳಿ ಗೂಡು ಹೇಳುವ ಪಾಠವೂ ಇದೇ.